ಬ್ಯಾಟರಿ ‘ಗೇಲಿ’: ಅಳೆಯದೆ ಮಾರುವವರು, ಅಳೆಯದೆ ಕೊಳ್ಳುವವರು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ. ಈ ಊರುಗಳಲ್ಲಿ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ ಸಿಗುವ ಮೊದಲ ತೀರ್ಪು ಎರಡು ಪದದ್ದು: ‘ಬ್ಯಾಟರಿ ಗೇಲಿ’. ಮರಾಠಿಯಲ್ಲಿ ಹಾಗೆಂದರೆ ಬ್ಯಾಟರಿ ಹೋಯಿತು ಎಂದು. ಕನ್ನಡದ ಕಿವಿಗೆ ಅದು ಬೇರೆ ಥರ ಕೇಳಿಸುತ್ತದೆ; ಅನೇಕ ಸಲ ಕನ್ನಡದ ಅರ್ಥವೇ ಸತ್ಯಕ್ಕೆ ಹತ್ತಿರ. ತೀರ್ಪು ಕೊಟ್ಟವರು ಬಾನೆಟ್ ಎತ್ತಿದ್ದಾರೆ, ಟರ್ಮಿನಲ್ ಅಲ್ಲಾಡಿಸಿದ್ದಾರೆ, ಕೀ ತಿರುಗಿಸಿ ‘ಟಕ್ ಟಕ್’ ಶಬ್ದ ಕೇಳಿದ್ದಾರೆ. ಏನನ್ನೂ ಅಳೆದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸ್ಕೂಟರಿನ ಮೇಲೆ ಹೊಸ ಬ್ಯಾಟರಿ ಬರುತ್ತದೆ, ನಾಲ್ಕೈದು ಸಾವಿರ ರೂಪಾಯಿ ಕೈಬಿಡುತ್ತದೆ, ಹಳೆಯ ಬ್ಯಾಟರಿ ಅದೇ ಸ್ಕೂಟರ್ ಹತ್ತಿ ಹೋಗುತ್ತದೆ.

ನನ್ನ ವಾದ ಇಷ್ಟು. ಕಾರಿಟ್ಟುಕೊಂಡ ಪ್ರತಿ ಮನೆಯಲ್ಲೂ ಸಾವಿರ, ಹೆಚ್ಚೆಂದರೆ ಒಂದೂವರೆ ಸಾವಿರ ರೂಪಾಯಿಯ ಒಂದು ಮಲ್ಟಿಮೀಟರ್ ಇರಬೇಕು. ಇನ್ನೂರು ರೂಪಾಯಿಯದ್ದು ಸಾಲದು, ಹದಿನೈದು ಸಾವಿರದ್ದು ಬೇಡ. ರಿಪೇರಿಯನ್ನು ನೀವೇ ಮಾಡಿ ಎಂದು ನಾನು ಹೇಳುತ್ತಿಲ್ಲ. ದೋಷ ಹೇಳುವವರೇ ಬಿಡಿಭಾಗ ಮಾರುವವರೂ ಆಗಿರುವ ವ್ಯವಹಾರದಲ್ಲಿ ಕೊಳ್ಳುವವರ ಕೈಯಲ್ಲಿ ಒಂದೆರಡು ಸಂಖ್ಯೆಗಳಾದರೂ ಇರಬೇಕು ಎಂಬುದಷ್ಟೇ ಬೇಡಿಕೆ.

ಅರ್ಧ ಕಿಲೋ ಟೊಮೆಟೊ ಕೊಳ್ಳುವಾಗ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುವವರು ನಾವು. ಪೆಟ್ರೋಲ್ ಹಾಕಿಸುವಾಗ ಮೀಟರ್ ಸೊನ್ನೆಗೆ ಬಂತೇ ಎಂದು ಗಾಡಿಯಿಂದ ಇಳಿದು ನೋಡುತ್ತೇವೆ. ಮನೆಯಲ್ಲಿ ಬಿಪಿ ನೋಡುವ ಯಂತ್ರ ಇದೆ, ಅದರಿಂದ ಡಾಕ್ಟರಿಗೆ ಅವಮಾನವಾಯಿತೆಂದು ಯಾರೂ ಹೇಳುವುದಿಲ್ಲ. ಕಾರಿನ ವಿದ್ಯುತ್ ವಿಷಯಕ್ಕೆ ಬಂದಾಗ ಮಾತ್ರ ‘ಅದೆಲ್ಲ ನಮಗೆ ತಿಳಿಯೋಲ್ಲಪ್ಪ’ ಎಂದು ಕೈಚೆಲ್ಲುತ್ತೇವೆ. ಆ ಕೈಚೆಲ್ಲುವಿಕೆಗೆ ಒಂದು ಬೆಲೆ ಇದೆ, ಮತ್ತು ಈ ಪ್ರದೇಶದಲ್ಲಿ ಅದು ಬೇರೆಡೆಗಿಂತ ಹೆಚ್ಚು.

ಏಕೆ ಹೆಚ್ಚು? ಇಲ್ಲಿನ ಕಾರು ವಾರವಿಡೀ ಮಲಗಿರುತ್ತದೆ. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬಂದು ನಿಂತದ್ದು ಠಾಣೆಯಲ್ಲಿ. ಅಂದಿನಿಂದ ಇಂದಿನವರೆಗೆ ಈ ಕಡೆಯವರ ಹೊಟ್ಟೆಪಾಡು ಹಳಿಯ ಮೇಲೇ ಓಡುತ್ತಿದೆ. ಡೊಂಬಿವಲಿಯಿಂದ ನಾರಿಮನ್ ಪಾಯಿಂಟಿನ ಕಚೇರಿಗೆ ಕಾರಿನಲ್ಲಿ ದಿನಾ ಹೋಗಿಬರುವವರು ಅಪರೂಪ. ಶೀಳ್‌ಫಾಟಾ ದಾಟುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ. ಹಾಗಾಗಿ ಕಾರು ಸೋಮವಾರದಿಂದ ಶುಕ್ರವಾರದವರೆಗೆ ಸೊಸೈಟಿಯ ಕಂಬಗಳ ನಡುವೆ ಧೂಳು ತಿನ್ನುತ್ತದೆ. ಶನಿವಾರ ಬೆಳಿಗ್ಗೆ ಮನೆಯವರೆಲ್ಲ ಹೊರಟು ನಿಂತಾಗ ‘ಟಕ್ ಟಕ್’.

ಈಗ ಲೆಕ್ಕ ಹಾಕಿ. ಸಣ್ಣ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್‌ನದು. ಲಾಕ್ ಮಾಡಿ ನಿಲ್ಲಿಸಿದ ಕಾರು ಕೂಡ ಅಲಾರಂ, ಗಡಿಯಾರ, ಕಂಪ್ಯೂಟರಿನ ನೆನಪು ಇವಕ್ಕಾಗಿ ತುಸು ಕರೆಂಟ್ ಎಳೆಯುತ್ತಲೇ ಇರುತ್ತದೆ. ಅದು 40 ಮಿಲಿಆಂಪಿಯರ್ ಇದ್ದರೆ ದಿನಕ್ಕೆ ಒಂದು ಆಂಪಿಯರ್-ಅವರ್ ಕೂಡ ಖರ್ಚಾಗದು; ಆರು ದಿನ ಬಿಟ್ಟರೂ ಗಾಡಿ ಸಲೀಸಾಗಿ ಏಳುತ್ತದೆ. ಅದೇ ಕಾರಿಗೆ ಹೊರಗಿನ ಸ್ಟೀರಿಯೋ, ಪಾರ್ಕಿಂಗಿನಲ್ಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಆಮೇಲೆ ಕೂರಿಸಿದ ಸಿಎನ್‌ಜಿ ಕಿಟ್, ಇವುಗಳಲ್ಲಿ ಒಂದರ ವೈರ್ ತಪ್ಪು ಜಾಗಕ್ಕೆ ಸೇರಿ 300 ಮಿಲಿಆಂಪಿಯರ್ ಸೋರುತ್ತಿದೆ ಎನ್ನಿ. ದಿನಕ್ಕೆ 7.2 ಆಂಪಿಯರ್-ಅವರ್. ಭಾನುವಾರ ರಾತ್ರಿಯಿಂದ ಶನಿವಾರ ಬೆಳಿಗ್ಗೆಗೆ ಸುಮಾರು 40. ಬ್ಯಾಟರಿಯಲ್ಲಿ ಇದ್ದದ್ದೇ 35.

ಇಂಥ ಕಾರಿಗೆ ಹೊಸ ಬ್ಯಾಟರಿ ಹಾಕಿದರೆ ಮುಂದಿನ ವಾರವೋ ಅದರಾಚೆಯ ವಾರವೋ ಅದೂ ಬರಿದಾಗುತ್ತದೆ. ಆಗ ಎರಡನೆಯ ತೀರ್ಪು: ‘ಡೈನಮೋ ಚಾರ್ಜ್ ಮಾಡ್ತಿಲ್ಲ’. ಆಲ್ಟರ್ನೇಟರ್ ಬದಲಾಗುತ್ತದೆ. ಮೂರನೆಯದು ಸೆಲ್ಫ್ ಮೋಟರ್. ಒಂದೊಂದಾಗಿ ಒಳ್ಳೆಯ ಭಾಗಗಳೆಲ್ಲ ಗುಜರಿಗೆ ಹೋದರೂ ಸೋರುವ ವೈರ್ ಮಾತ್ರ ಸೀಟಿನ ಕೆಳಗೆ ಸುಖವಾಗಿರುತ್ತದೆ. ಪದೇ ಪದೇ ಪೂರ್ತಿ ಬರಿದಾದ ಬ್ಯಾಟರಿಯ ಒಳಗಿನ ಫಲಕಗಳು ನಿಜಕ್ಕೂ ಕೆಡುತ್ತವೆ. ಹೀಗೆ ಮೊದಲು ಸುಳ್ಳಾಗಿದ್ದ ತೀರ್ಪು ಕ್ರಮೇಣ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ.

ಎರಡನೆಯ ಕಾರಣ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಾನೆಟ್ ಒಳಗಿನ ಪ್ರತಿ ಬೋಲ್ಟೂ ಒದ್ದೆ. 2005ರ ಜುಲೈ 26ರಂಥ ದಿನವೇ ಬರಬೇಕಿಲ್ಲ. ಮಾಮೂಲಿ ಮಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಬಂದ ಕಾರು ಸಾಕು. ಎಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಯ ಮೈನಸ್‌ಗೆ ಹೋಗುವ ಅರ್ಥಿಂಗ್ ಪಟ್ಟಿಯ ತುದಿ ತುಕ್ಕು ಹಿಡಿಯುತ್ತದೆ. ಆಮೇಲೆ ಸೆಲ್ಫ್ ಹೊಡೆದಾಗ ಬ್ಯಾಟರಿಯ ಕಂಬಗಳಲ್ಲಿ 10.8 ವೋಲ್ಟ್ ಇದ್ದರೂ ಸೆಲ್ಫ್ ಮೋಟರಿಗೆ 9.2 ಮಾತ್ರ ತಲುಪುತ್ತದೆ, ನಡುವಿನ 1.6 ವೋಲ್ಟ್ ತುಕ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹೊಸ ಬ್ಯಾಟರಿ ಹಾಕಿದಾಗ ಅದರ ತಾಜಾ ಬಲಕ್ಕೆ ಗಾಡಿ ಕೆಲವು ದಿನ ಏಳುತ್ತದೆ. ‘ನೋಡಿ, ಬ್ಯಾಟರಿಯೇ ಹೋಗಿತ್ತು’ ಎಂಬ ಮಾತಿಗೆ ಪುರಾವೆ ಸಿಕ್ಕಂತಾಯಿತು! ನಿಜವಾದ ಮದ್ದು ಉಪ್ಪುಕಾಗದ, ಒಂದು ಸ್ಪ್ಯಾನರ್, ಹದಿನೈದು ನಿಮಿಷ. ಅದನ್ನು ಪತ್ತೆ ಮಾಡಲು ಬೇಕಾದ್ದು ಇಷ್ಟೇ: ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ. 0.2, 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ.

‘ಅಂಗಡಿಯವರು ಮೆಷಿನ್ ಹಚ್ಚಿ ಚೀಟಿ ಕೊಟ್ಟರಲ್ಲ’ ಎನ್ನುವವರಿದ್ದಾರೆ. ಬ್ಯಾಟರಿ ಅಂಗಡಿಯ ಪುಕ್ಕಟೆ ಪರೀಕ್ಷೆಯ ಯಂತ್ರ ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ಮೊದಲು ಬ್ಯಾಟರಿಯ ಸಿಸಿಎ, ಅಂದರೆ ಚಳಿಯಲ್ಲಿ ಎಂಜಿನ್ ತಿರುಗಿಸಲು ಅದು ಕೊಡಬೇಕಾದ ಕರೆಂಟಿನ ಸಂಖ್ಯೆ, ತುಂಬಬೇಕು. ಇರುವುದಕ್ಕಿಂತ ದೊಡ್ಡ ಸಂಖ್ಯೆ ಒತ್ತಿದರೆ ಒಳ್ಳೆಯ ಬ್ಯಾಟರಿಯೂ ನಪಾಸು. ಬ್ಯಾಟರಿ ಬರೀ ಖಾಲಿಯಾಗಿದ್ದರೆ ಅದೇ ಯಂತ್ರ ‘ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ’ ಎನ್ನುತ್ತದೆ. ಆ ಸಾಲನ್ನು ನಿಮಗೆ ಓದಿ ಹೇಳುವ ಆಸಕ್ತಿ ಮಾರುವವರಿಗೆ ಯಾಕಿರಬೇಕು? ಹೊಸದರಲ್ಲಿ ಲಾಭ, ಹಳೆಯದರೊಳಗಿನ ಸೀಸದಲ್ಲೂ ಲಾಭ. ಪರೀಕ್ಷೆ ಬರೆದವನೇ ಮೌಲ್ಯಮಾಪಕನೂ ಆದರೆ ಫಲಿತಾಂಶಕ್ಕೆ ಕಾಯುವುದೇಕೆ?

ಇನ್ನು ಮೀಟರಿಗೆ ಬರೋಣ. ಇಲ್ಲೂ ಎರಡು ಮೂಢನಂಬಿಕೆಗಳಿವೆ.

ಮೊದಲನೆಯದು ‘ಯಾವುದಾದರೇನು, ಇನ್ನೂರು ರೂಪಾಯಿಯ ಹಳದಿ ಮೀಟರ್ ಸಾಕು’ ಎಂಬುದು. ಡಿಟಿ-830ಡಿ ಎಂಬ ಹೆಸರಿನಲ್ಲಿ ಹತ್ತಾರು ಲೇಬಲ್ಲುಗಳಡಿ ಬರುವ ಈ ಮೀಟರಿಗೆ ಸುಮ್ಮನೆ ಬೈಯುವುದು ತಪ್ಪು. ಒಳಗಿನ 9 ವೋಲ್ಟ್ ಸೆಲ್ ಚೆನ್ನಾಗಿರುವವರೆಗೆ ಅದು 12.6ನ್ನೂ 12.2ನ್ನೂ ಬೇರ್ಪಡಿಸಿ ತೋರಿಸುತ್ತದೆ, ಕಾರಿಗೆ ಅಷ್ಟು ನಿಖರತೆ ಸಾಕು. ಸೆಲ್ ಸೋತಾಗ ಸಂಖ್ಯೆಗಳು ಉಬ್ಬುತ್ತವೆ, ಸತ್ತ ಬ್ಯಾಟರಿ ಬದುಕಿದಂತೆ ಕಾಣುತ್ತದೆ. ಅದನ್ನೂ ಗಮನಿಸಿದರೆ ನಡೆಯುತ್ತದೆ. ನಿಜವಾದ ದೋಷ ಅದರ ಮುಖದ ಮೇಲೇ ಅಚ್ಚಾಗಿದೆ: 10 ಆಂಪಿಯರ್ ತೂತಿನ ಪಕ್ಕ ‘ಅನ್‌ಫ್ಯೂಸ್ಡ್’ ಎಂಬ ಪದ. ಆ ದಾರಿಯಲ್ಲಿ ಫ್ಯೂಸ್ ಇಲ್ಲ. ಸೋರುವ ಕರೆಂಟ್ ಅಳೆದ ಮೇಲೆ ಕೆಂಪು ಕಡ್ಡಿಯನ್ನು ಆ ತೂತಿನಿಂದ ತೆಗೆಯಲು ಮರೆತು, ವೋಲ್ಟ್ ನೋಡುತ್ತೇನೆಂದು ಬ್ಯಾಟರಿಯ ಎರಡು ಕಂಬಗಳಿಗೆ ತಾಗಿಸಿದರೆ ಅದು ನೇರ ಶಾರ್ಟ್. ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು. ಕೂದಲೆಳೆಯಂಥ ವೈರಿನ ಪ್ಲಾಸ್ಟಿಕ್ ನಿಮ್ಮ ಬೆರಳ ಮೇಲೆ ಕರಗುತ್ತದೆ. ಚಾರ್ಜ್ ಆಗುವ ಬ್ಯಾಟರಿಯ ಸುತ್ತ ಹೈಡ್ರೋಜನ್ ಇರುತ್ತದೆ ಎಂಬುದೂ ನೆನಪಿರಲಿ. ಅದೇ ಸ್ಥಿತಿಯಲ್ಲಿ ಕಡ್ಡಿಗಳನ್ನು ಮನೆಯ 230 ವೋಲ್ಟಿನ ಸಾಕೆಟ್‌ಗೆ ತೂರಿಸಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಮೀಟರ್ ಕಾರಿಗೆಂದೇ ತಂದರೂ ಒಂದಲ್ಲ ಒಂದು ದಿನ ಅದು ಸಾಕೆಟ್‌ಗೆ ಹೋಗೇ ಹೋಗುತ್ತದೆ.

ಎರಡನೆಯ ಮೂಢನಂಬಿಕೆ ‘ಫ್ಲೂಕ್ ಇಲ್ಲದಿದ್ದರೆ ಅಳೆಯಲೇಬೇಡಿ’ ಎಂಬ ಹೆಸರಿನ ಮೋಹ. ಕಾರ್ಖಾನೆಯಲ್ಲಿ ದಿನವಿಡೀ ಹೈವೋಲ್ಟೇಜ್ ಪ್ಯಾನೆಲ್ ಬಿಚ್ಚುವವರಿಗೆ ಅದು ಸರಿಯಾದ ಮಾತು. ವರ್ಷಕ್ಕೆ ಹತ್ತು ಸಲ ಬಾನೆಟ್ ಎತ್ತುವವರಿಗೆ ಅಲ್ಲ. ಹೆಸರು ನೋಡಿ ಕೊಂಡರೆ ಬೇರೊಂದು ಹೊಡೆತವೂ ಇದೆ: ಆ ಕಂಪನಿಯ ಅಗ್ಗದ ಮಾದರಿಯಾದ 101 ಗಟ್ಟಿಮುಟ್ಟಾದದ್ದು, ಸುರಕ್ಷಿತವಾದದ್ದು, ಆದರೆ ಅದರಲ್ಲಿ ಕರೆಂಟ್ ಅಳೆಯುವ ಸೌಲಭ್ಯವೇ ಇಲ್ಲ. ವಾರವಿಡೀ ಮಲಗುವ ಕಾರಿನ ಮುಖ್ಯ ಪ್ರಶ್ನೆಗೇ ಅದು ನೇರವಾಗಿ ಉತ್ತರ ಕೊಡದು.

‘ಟ್ರೂ ಆರ್‌ಎಂಎಸ್’ ಎಂಬ ಮುದ್ರೆಗೂ ಕಾರಿನ ಡಿಸಿ ಕರೆಂಟಿಗೂ ಸಂಬಂಧ ಕಡಿಮೆ. ‘ಆಟೋಮೋಟಿವ್ ಸ್ಪೆಷಲ್’ ಎಂದು ಡ್ವೆಲ್ ಆ್ಯಂಗಲ್ ತೋರಿಸುವ ಮೀಟರುಗಳೂ ಮಾರಾಟಕ್ಕಿವೆ. ಡ್ವೆಲ್ ಎಂಬುದು ಡಿಸ್ಟ್ರಿಬ್ಯೂಟರಿನಲ್ಲಿ ಕಾಂಟ್ಯಾಕ್ಟ್ ಪಾಯಿಂಟ್ ಇದ್ದ ಪ್ರೀಮಿಯರ್ ಪದ್ಮಿನಿಯ ಕಾಲದ ಲೆಕ್ಕ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಇನ್ನೂ ಅದರ ಮೀಟರಿಗೆ ದುಡ್ಡು ಕೊಡುವುದು ಬೇಡ.

ಹಾಗಾದರೆ ಏನು ನೋಡಿ ಕೊಳ್ಳಬೇಕು? ಮೊದಲನೆಯದು, 10 ಆಂಪಿಯರ್ ತೂತಿಗೂ ಫ್ಯೂಸ್ ಇರಬೇಕು, ಆ ಫ್ಯೂಸ್ ಬೇರೆಯಾಗಿ ಸಿಗಬೇಕು. ಅಂಗಡಿಯವರಿಗೆ ಹಿಂದಿನ ಮುಚ್ಚಳ ತೆಗೆದು ತೋರಿಸಲು ಹೇಳಿ, ನಾಚಿಕೆ ಬೇಡ. ಎರಡನೆಯದು, ಮಿಲಿವೋಲ್ಟ್ ರೇಂಜ್ ಇರಬೇಕು, 0.1 ಮಿಲಿವೋಲ್ಟ್ ತನಕ ತೋರಿಸಬೇಕು. ಇದಿದ್ದರೆ ಬ್ಯಾಟರಿ ಬಿಚ್ಚದೆಯೇ ಪ್ರತಿ ಫ್ಯೂಸಿನ ತಲೆಯ ಎರಡು ಚುಕ್ಕೆಗಳ ಮೇಲೆ ಕಡ್ಡಿ ಇಟ್ಟು, ಯಾವ ಸರ್ಕಿಟ್ ಮಲಗದೆ ಎಚ್ಚರವಾಗಿದೆ ಎಂದು ಹಿಡಿಯಬಹುದು. ಕರೆಂಟ್ ಹರಿಯದ ಫ್ಯೂಸ್ ಸೊನ್ನೆ ತೋರಿಸುತ್ತದೆ. ಮೂರನೆಯದು, ಅತಿ ಕಡಿಮೆ ಓದನ್ನು ಹಿಡಿದಿಡುವ ‘ಮಿನ್-ಮ್ಯಾಕ್ಸ್’ ಗುಂಡಿ. ಸೆಲ್ಫ್ ಹೊಡೆಯುವುದು ಒಂದೆರಡು ಸೆಕೆಂಡ್, ಅಷ್ಟರಲ್ಲಿ ಕಣ್ಣು ಸಂಖ್ಯೆ ಹಿಡಿಯಲಾರದು. ನಾಲ್ಕನೆಯದು, 600 ವೋಲ್ಟಿಗೆ ಕ್ಯಾಟ್ 2 ಅಥವಾ ಕ್ಯಾಟ್ 3 ಗುರುತು. 12 ವೋಲ್ಟಿನ ಕಾರಿಗೆ ಇದು ಬೇಕಿಲ್ಲ, ಮೇಲೆ ಹೇಳಿದ ಮನೆಯ ಸಾಕೆಟ್‌ಗಾಗಿ ಬೇಕು. ಐದನೆಯದು, ಸ್ಟಿಲ್ಟ್ ಪಾರ್ಕಿಂಗಿನ ಕತ್ತಲೆಗೆ ಪರದೆಯ ಬೆಳಕು. ಇದರ ಜೊತೆಗೆ ಒಂದು ಜೊತೆ ಮೊಸಳೆ ಕ್ಲಿಪ್ಪು, ಒಂದು ಉದ್ದನೆಯ ದಪ್ಪ ವೈರ್.

ಒಂದು ಬಲೆಯ ಬಗ್ಗೆ ಎಚ್ಚರ. ವೈರಿನ ಸುತ್ತ ದವಡೆ ಹಾಕಿ ಅಳೆಯುವ ಕ್ಲ್ಯಾಂಪ್ ಮೀಟರ್ ನೋಡಿದರೆ ಬ್ಯಾಟರಿ ಬಿಚ್ಚುವ ಗೋಜೇ ಇಲ್ಲ ಎನಿಸುತ್ತದೆ. ಆದರೆ ಅಗ್ಗದ ಕ್ಲ್ಯಾಂಪುಗಳಲ್ಲಿ ಬಹುಪಾಲು ಎಸಿ ಕರೆಂಟನ್ನಷ್ಟೇ ಅಳೆಯುತ್ತವೆ. ಕಾರಿನಲ್ಲಿರುವುದು ಡಿಸಿ. ಡಬ್ಬಿಯ ಮೇಲೆ ‘ಡಿಸಿ ಆಂಪಿಯರ್’ ಎಂದು ಸ್ಪಷ್ಟವಾಗಿ ಇಲ್ಲದಿದ್ದರೆ ಆ ದವಡೆ ಕಾರಿನ ಮಟ್ಟಿಗೆ ಬರೀ ಅಲಂಕಾರ.

ಕೊಳ್ಳಲು ದೂರ ಹೋಗಬೇಕಿಲ್ಲ. ಗ್ರ್ಯಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡ್, ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಲೋಹಾರ್ ಚಾಳ್ ಲೋಕಲ್ ರೈಲಿನ ದೂರದಲ್ಲಿವೆ. ಕೈಯಲ್ಲಿ ಹಿಡಿದು, ಗುಂಡಿ ತಿರುಗಿಸಿ, ಬೀಪ್ ಎಷ್ಟು ಬೇಗ ಬರುತ್ತದೆಂದು ಕೇಳಿ ತರಬಹುದು. ಮೀಟರ್ ಕಂಪನಿ ಮೆಕೋ ಇರುವುದು ನವಿ ಮುಂಬಯಿಯ ಮಹಾಪೆಯಲ್ಲೇ. ರಿಷಭ್, ಮೋತ್ವಾನೆ ಎರಡೂ ನಾಶಿಕದವು. ಹೊರಗಿನ ಬ್ರ್ಯಾಂಡ್ ಆಗಲಿ ಇಲ್ಲಿಯದಾಗಲಿ, ಫ್ಯೂಸ್ ಹಾರಿದಾಗ, ಕಡ್ಡಿ ಮುರಿದಾಗ ಎಲ್ಲಿಗೆ ಹೋಗಬೇಕೆಂಬುದನ್ನು ಕೇಳಿ ಕೊಳ್ಳಿ.

ಮೀಟರ್ ಬಂದಾಕ್ಷಣ ಜಾಣತನ ಬರುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಸಂಖ್ಯೆಯನ್ನು ತಪ್ಪಾಗಿ ಓದುವವರು ಅಳೆಯದವರಿಗಿಂತ ಹೆಚ್ಚು ಕಾಟ ಕೊಡುತ್ತಾರೆ. ಈಗಷ್ಟೇ ಓಡಿಸಿ ತಂದ ಕಾರಿನ ಬ್ಯಾಟರಿ 12.9 ತೋರಿಸಬಹುದು, ಅದು ಮೇಲುಮೇಲಿನ ಚಾರ್ಜು, ರಾತ್ರಿಯಿಡೀ ಬಿಟ್ಟು ನೋಡಬೇಕು. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕೆಂಬ ಹಳೆಯ ಸೂತ್ರ ಹೊಸ ಕಾರುಗಳಿಗೆ ಪೂರ್ತಿ ಅನ್ವಯಿಸದು. ಇಂಧನ ಉಳಿಸಲು ಕಂಪ್ಯೂಟರ್ ಆಲ್ಟರ್ನೇಟರನ್ನು ಬೇಕೆಂದೇ ತಗ್ಗಿಸುತ್ತದೆ. ಹೆಡ್‌ಲೈಟ್, ಎಸಿ ಹಾಕಿ ಮತ್ತೆ ನೋಡಿ. ಸೋರುವ ಕರೆಂಟ್ ಅಳೆಯಲು ಕಾರು ಲಾಕ್ ಮಾಡಿ ಅರ್ಧ ಗಂಟೆಯಾದರೂ ಕಾಯಿರಿ, ಅದರ ಕಂಪ್ಯೂಟರುಗಳು ಮಲಗಲು ಅಷ್ಟು ಹೊತ್ತು ಬೇಕು. ಆಂಪಿಯರ್ ಮೀಟರ್ ನಡುವೆ ಇರುವಾಗ ಕೀ ತಿರುಗಿಸಬೇಡಿ. ಸೆಲ್ಫ್ ನೂರು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು, ಕಡ್ಡಿ ತಾಗಿಸಬೇಡಿ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ಹತ್ತಿರವೂ ಹೋಗಬೇಡಿ. ಇದೆಲ್ಲ ಒಂದು ಪುಟಕ್ಕೆ ಮುಗಿಯುವ ಜ್ಞಾನ. ಹೋಮ್ ಲೋನಿನ ನಿಯಮಗಳನ್ನು ಓದಿ ಅರ್ಥ ಮಾಡಿಕೊಂಡವರಿಗೆ ಇದು ಕಷ್ಟವೇ?

‘ಈಗ ಸ್ಕ್ಯಾನರ್ ಇದೆಯಲ್ಲ, ಮೀಟರ್ ಯಾಕೆ?’ ಎಂಬುದು ಇನ್ನೊಂದು ಪ್ರಶ್ನೆ. ಸ್ಕ್ಯಾನರ್ ‘ವೋಲ್ಟೇಜ್ ಕಡಿಮೆ’ ಎಂಬ ಕೋಡ್ ಕೊಡುತ್ತದೆ. ಯಾಕೆ ಕಡಿಮೆ, ಯಾವ ಜಾಯಿಂಟಿನಲ್ಲಿ ಕಡಿಮೆ ಎಂದು ಹೇಳುವುದಿಲ್ಲ. ಮೇಲಾಗಿ ಒಬಿಡಿ ಸಾಕೆಟ್‌ಗೆ ಸಿಕ್ಕಿಸಿ ಹಾಗೇ ಬಿಟ್ಟ ಅಗ್ಗದ ಡಾಂಗಲ್ ತಾನೂ ಹಗಲುರಾತ್ರಿ ಬ್ಯಾಟರಿ ಕುಡಿಯುತ್ತಿರುತ್ತದೆ.

ಇಷ್ಟು ಹೇಳಿ ರಸ್ತೆಬದಿಯ ಎಲೆಕ್ಟ್ರಿಷಿಯನ್ನನ್ನು ಖಳನಾಯಕ ಮಾಡಿ ಮುಗಿಸಿದರೆ ಅರ್ಧ ಸತ್ಯ. 1990ರ ದಶಕದಲ್ಲಿ ಪ್ರೀಮಿಯರ್ ಕಂಪನಿ ಪ್ಯೂಜೋ 309 ಕಾರು ತಯಾರಿಸುತ್ತಿದ್ದದ್ದು ಇದೇ ಕಲ್ಯಾಣ–ಡೊಂಬಿವಲಿಯ ಸೀಮೆಯಲ್ಲಿ. ಕಾರಿನ ಕೆಲಸ ಗೊತ್ತಿರುವ ಕೈಗಳಿಗೆ ಇಲ್ಲಿ ಬರವಿರಲಿಲ್ಲ, ಈಗಲೂ ಇಲ್ಲ. ವೈರಿನ ಬಣ್ಣ ನೋಡಿಯೇ ದೋಷ ಊಹಿಸಬಲ್ಲವರು ಘೋಡ್‌ಬಂದರ್ ರಸ್ತೆಯಲ್ಲೂ ಇದ್ದಾರೆ, ತುರ್ಭೆಯಲ್ಲೂ ಇದ್ದಾರೆ. ಆದರೆ ಅವರು ಒಂದು ಗಂಟೆ ಕೂತು, ಫ್ಯೂಸ್ ಫ್ಯೂಸ್ ಅಳೆದು, ಡ್ಯಾಶ್‌ಕ್ಯಾಮಿನ ವೈರನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಿಸಿ ಮುನ್ನೂರು ರೂಪಾಯಿ ಕೇಳಿದರೆ ನಾವು ಏನನ್ನುತ್ತೇವೆ? ‘ಏನೂ ಹಾಕಿಲ್ಲವಲ್ಲ, ಬರೀ ನೋಡಿದ್ದಕ್ಕೆ ಮುನ್ನೂರಾ?’ ಅದೇ ವ್ಯಕ್ತಿ ಹತ್ತು ನಿಮಿಷದಲ್ಲಿ ನಾಲ್ಕೂವರೆ ಸಾವಿರದ ಬ್ಯಾಟರಿ ಕೂರಿಸಿದರೆ ತಕರಾರಿಲ್ಲದೆ ಸ್ಕ್ಯಾನ್ ಮಾಡಿ ಹಣ ಕಳಿಸುತ್ತೇವೆ. ಅಳೆಯುವ ಬುದ್ಧಿಗೆ ಕೂಲಿ ಇಲ್ಲ, ಮಾರುವ ವಸ್ತುವಿಗೆ ಕಮಿಷನ್ ಇದೆ. ಹಾಗಿದ್ದ ಮೇಲೆ ಅವರು ಅಳೆಯದೆ ಮಾರುವುದರಲ್ಲಿ ಆಶ್ಚರ್ಯವೇನು? ಅಳೆಯುವುದನ್ನು ಕಲಿತ ಹುಡುಗನಿಗೆ ಗ್ಯಾರೇಜಿನಲ್ಲಿ ಮರ್ಯಾದೆ ಸಿಗಬೇಕಾದರೆ ಮೊದಲು ಗಿರಾಕಿ ಅಳತೆಗೆ ದುಡ್ಡು ಕೊಡಬೇಕು. ಗಿರಾಕಿ ಹಾಗೆ ಕೊಡಬೇಕಾದರೆ ಅಳತೆ ಎಂದರೇನು ಎಂದು ಸ್ವತಃ ಒಮ್ಮೆ ಕಂಡಿರಬೇಕು. ಮನೆಯಲ್ಲಿ ಮೀಟರ್ ಬೇಕೆನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದೇ. ಉಳಿಯುವ ನಾಲ್ಕು ಸಾವಿರ ಆಮೇಲಿನದು.

ಆದ್ದರಿಂದ ಕಾರು ಚೆನ್ನಾಗಿರುವಾಗಲೇ ನಾಲ್ಕು ಸಂಖ್ಯೆ ಬರೆದಿಡಿ. ರಾತ್ರಿ ಕಳೆದ ಮೇಲೆ ಬ್ಯಾಟರಿಯ ವೋಲ್ಟ್: 12.6ರ ಆಸುಪಾಸು ಇದ್ದರೆ ತುಂಬಿದೆ, 12.2 ಎಂದರೆ ಅರ್ಧ. ಸೆಲ್ಫ್ ಹೊಡೆಯುವಾಗ ಇಳಿಯುವ ವೋಲ್ಟ್: 10ರ ಮೇಲಿದ್ದರೆ ನೆಮ್ಮದಿ, 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ನಿಜಕ್ಕೂ ಅನುಮಾನಿಸಬಹುದು. ಲೈಟು, ಎಸಿ ಹಾಕಿ ಎಂಜಿನ್ ಓಡುವಾಗಿನ ವೋಲ್ಟ್. ಲಾಕ್ ಮಾಡಿ ಅರ್ಧ ಗಂಟೆಯ ನಂತರ ಎಳೆಯುವ ಕರೆಂಟ್: 50 ಮಿಲಿಆಂಪಿಯರ್ ಒಳಗಿರಲಿ. ತಾರೀಖು ಸಮೇತ ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಪುಸ್ತಕದ ಜೊತೆ ಇಡಿ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಬರೆಯಿರಿ.

ಮುಂದೆ ಯಾರಾದರೂ ‘ಬ್ಯಾಟರಿ ಗೇಲಿ’ ಎಂದಾಗ ಜಗಳ ಬೇಡ. ‘ಭಾವೂ, ಕಿತೀ ವೋಲ್ಟ್?’ ಎಂದು ಕೇಳಿ, ನಿಮ್ಮ ಚೀಟಿ ತೆಗೆಯಿರಿ. ಎಷ್ಟು ವೋಲ್ಟ್ ಎಂದು ಅಳೆದು ತೋರಿಸಿದವರಿಗೆ, ಅವರು ಏನನ್ನೂ ಮಾರದಿದ್ದರೂ, ಆ ಮುನ್ನೂರು ರೂಪಾಯಿ ಕೊಟ್ಟು ಕಳಿಸಿ.